ಆವರಣ ಯಾರದು?

ಸಂಸಾರಿಯಾದವನಿಗೆ ಚಿಂತೆ ತಪ್ಪಿದ್ದಲ್ಲ. ವ್ಯಾಪಾರದ ಚಿಂತೆ, ದೇಹಾರೋಗ್ಯದ ಚಿಂತೆ, ಮಕ್ಕಳ ವಿವಾಹದ ಚಿಂತೆ ಹಿಂದಿನಿಂದಲೂ ಇದ್ದವು. ಇವುಗಳ ಸಾಲಿಗೆ ಈಗ ಇನ್ನೊಂದು ಸೇರಿದೆ. ಇನ್ನೂ ನಾಲ್ಕು ತುಂಬದ ಕೂಸು ಶಾಲೆಗೆ ಸಿದ್ಧವಾಗಿದೆಯೇ, ಓರಗೆಯ ಮಕ್ಕಳಂತೆ ಮಾತನಾಡುತ್ತಿದೆಯೇ, ಸೀಸದ ಕಡ್ಡಿ ಹಿಡಿಯುತ್ತಿದೆಯೇ ಎಂಬ ಚಿಂತೆ ಅದು. ಬಹಳ ಮನೆಗಳಲ್ಲಿ ಇದು ರಾತ್ರಿಯ ನಿದ್ರೆಯನ್ನೇ ಅಪಹರಿಸಿದೆ.

ಶಾಸ್ತ್ರಕಾರರು ಇಂತಹ ವ್ಯಾಕುಲತೆಯನ್ನು ಆರ್ತಧ್ಯಾನವೆಂದು ಕರೆದಿದ್ದಾರೆ. ಅದರ ನಾಲ್ಕು ಭೇದಗಳಲ್ಲಿ ನಿದಾನವೂ ಒಂದು. ಮುಂದೆ ಒದಗಬೇಕಾದ ಭೋಗ-ಭಾಗ್ಯಗಳನ್ನು ಈಗಲೇ ಹಂಬಲಿಸುವುದು ಅದರ ಲಕ್ಷಣ. ಮಗುವಿನ ಹೆಸರಿನಲ್ಲಿ ಹಿರಿಯರು ಪಡುವ ಚಿಂತೆಯಲ್ಲಿ ಮಗುವಿನ ಹಿತ ಎಷ್ಟು, ತಮ್ಮ ನಿದಾನ ಎಷ್ಟು ಎಂದು ತೂಗಿ ನೋಡುವವರು ವಿರಳ. ಹಾಗೆಂದು ಚಿಂತೆಯನ್ನು ಬಿಟ್ಟೆವೆಂದು ಹೇಳಿ ಕೈಕಟ್ಟಿ ಕುಳಿತರೆ ಅದು ಸಮತೆಯಾಗದು, ಪ್ರಮಾದವಾಗುತ್ತದೆ. ಈ ಎರಡು ದೋಷಗಳ ನಡುವೆ ಸಿಲುಕಿದ ಒಂದು ಶ್ರಾವಕ ಕುಟುಂಬದ ಅನುಭವವು ಇತರರಿಗೂ ಉಪಯುಕ್ತವಾಗಬಹುದು.

ಹಾಸನದಲ್ಲಿ ತಲೆಮಾರುಗಳಿಂದ ಪಾತ್ರೆ ವ್ಯಾಪಾರ ನಡೆಸಿಕೊಂಡು ಬಂದ ಮನೆತನವದು. ಮನೆಯ ಯಜಮಾನರು ಅರವತ್ತು ದಾಟಿದವರು, ಬಸದಿಯ ಟ್ರಸ್ಟಿಗಳಲ್ಲಿ ಒಬ್ಬರು. ಲೆಕ್ಕಪತ್ರದಲ್ಲಿ ಎಷ್ಟು ಚೊಕ್ಕವೋ ಸ್ವಾಧ್ಯಾಯದಲ್ಲಿಯೂ ಅಷ್ಟೇ ಶ್ರದ್ಧಾವಂತರು. 2020ರ ಆಗಸ್ಟ್ ತಿಂಗಳಿನಲ್ಲಿ, ಊರೆಲ್ಲ ಸೋಂಕಿನ ಭಯದಿಂದ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ, ಅವರಿಗೆ ಮೊಮ್ಮಗ ಜನಿಸಿದನು. ಮೊದಲ ಎರಡು ವರ್ಷ ಮಗು ಕಂಡದ್ದು ಮನೆಯ ನಾಲ್ಕು ಮುಖಗಳನ್ನು ಮಾತ್ರ.

2024ರ ಜೂನ್ ಬರುವ ಹೊತ್ತಿಗೆ ಯಜಮಾನರು ಒಂದು ಲೆಕ್ಕ ಹಾಕಿದ್ದರು. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಪೂರ್ಣ ಆರು ವರ್ಷ ತುಂಬಿರಬೇಕೆಂದು ರಾಜ್ಯ ಸರ್ಕಾರವು 2022ರ ಜುಲೈನಲ್ಲಿ ಆದೇಶಿಸಿತ್ತು. ಅದರ ಜಾರಿಯನ್ನು 2025-26ನೆಯ ಸಾಲಿಗೆ ಮುಂದೂಡಲಾಗಿತ್ತು. ಆ ಲೆಕ್ಕದಿಂದ ಹಿಂದಕ್ಕೆ ಎಣಿಸಿದರೆ ಎಲ್.ಕೆ.ಜಿ.ಗೆ ನಾಲ್ಕು ತುಂಬಿರಬೇಕು. ಮೊಮ್ಮಗನಿಗೆ ಎರಡೂವರೆ ತಿಂಗಳು ಕಡಿಮೆ. "ಎರಡೂವರೆ ತಿಂಗಳಿಗಾಗಿ ಒಂದು ವರ್ಷ ನಷ್ಟ ಮಾಡಿಕೊಳ್ಳುವುದೆ? ಸೇರಿಸಿಬಿಡೋಣ. ನಿಯಮ ಮುಂದೆ ಸಡಿಲವಾದೀತು" ಎಂದರು ಅವರು. ಒಂದು ಖಾಸಗಿ ಶಾಲೆ ಒಪ್ಪಿತು. ಮಗು ಮೂರು ವರ್ಷ ಹತ್ತು ತಿಂಗಳಿಗೇ ಎಲ್.ಕೆ.ಜಿ.ಯ ಬೆಂಚಿನ ಮೇಲೆ ಕುಳಿತಿತು.

ಆಗಸ್ಟ್ ಕೊನೆಯಲ್ಲಿ ಶಾಲೆಯಿಂದ ಕರೆ ಬಂದಿತು. ಹುಡುಗ ಕರೆದರೆ ತಿರುಗುವುದಿಲ್ಲ, ಪದ್ಯ ಹೇಳಿಸಿದರೆ ಬಾಯಿ ಬಿಡುವುದಿಲ್ಲ, ಗುಂಪಿನಲ್ಲಿ ಆಡುವುದಿಲ್ಲ, ಅಡ್ಡಗೆರೆ ಎಳೆಯಲು ಹೇಳಿದರೆ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ಸುತ್ತುತ್ತಾನೆ. "ಅವನು ಇನ್ನೂ ಶಾಲೆಗೆ ತಯಾರಾಗಿಲ್ಲ ಅನ್ನಿಸುತ್ತದೆ, ಒಮ್ಮೆ ಯಾರಿಗಾದರೂ ತೋರಿಸಿ" ಎಂದು ಶಿಕ್ಷಕಿ ತಾಯಿಗೆ ವಿನಯದಿಂದಲೇ ತಿಳಿಸಿದರು.

ಅಂದಿನಿಂದ ಆ ತಾಯಿಗೆ ನೆಮ್ಮದಿ ಇಲ್ಲವಾಯಿತು. ಎದುರು ಮನೆಯ ಮಗು ಇಪ್ಪತ್ತರವರೆಗೆ ಎಣಿಸಿದರೆ ಇವಳ ಎದೆ ಕುಸಿಯುವುದು. ರಾತ್ರಿ ಮಗುವನ್ನು ಮಲಗಿಸಿದ ಮೇಲೆ ಮೊಬೈಲಿನಲ್ಲಿ ಹುಡುಕಿ ಓದಿ, ಒಂದೊಂದು ದಿನ ಒಂದೊಂದು ವ್ಯಾಧಿಯನ್ನು ಮಗುವಿಗೆ ಆರೋಪಿಸಿಕೊಂಡು ಕಣ್ಣೀರಿಡುವಳು. ಅತ್ತೆಯವರದು ಬೇರೆ ನೋಟ. "ಇವನ ಅಪ್ಪನೂ ಮೂರು ತುಂಬುವವರೆಗೆ ಸರಿಯಾಗಿ ಮಾತಾಡಲಿಲ್ಲ ಕಣಮ್ಮ, ಗಂಡುಮಕ್ಕಳು ಹಾಗೇನೆ" ಎಂಬುದು ಅವರ ಸಮಾಧಾನ. ಶಿಕ್ಷಕಿಯ ಮಟ್ಟಿಗೆ ಅದು ವಯಸ್ಸು ಸಾಲದ್ದರ ಫಲ. ಒಬ್ಬೊಬ್ಬರೂ ಕಂಡದ್ದು ವಸ್ತುವಿನ ಒಂದೊಂದು ಪಾರ್ಶ್ವವನ್ನು. ಒಬ್ಬೊಬ್ಬರೂ ಅದನ್ನೇ ಪೂರ್ಣವೆಂದು ಹಿಡಿದರು. ಬಸದಿಯಲ್ಲಿ ಅನೇಕಾಂತವನ್ನು ಕುರಿತು ಉಪನ್ಯಾಸ ಕೇಳಿ ಬರುವ ಮನೆಗಳಲ್ಲಿಯೂ ಮನೆಯ ಹೊಸ್ತಿಲೊಳಗೆ ಏಕಾಂತವಾದವೇ ಆಳುವುದುಂಟು.

ಕಿವಿಯ ಮಾತು ಒಮ್ಮೆ ಬಂದಿತ್ತು. ಆದರೆ ಯಜಮಾನರು ಅದನ್ನು ಅಲ್ಲಿಯೇ ಅಳಿಸಿದರು. ಅಂಗಡಿಯಲ್ಲಿ ಆಳು ಒಂದು ಹಿತ್ತಾಳೆಯ ಕೊಳಗವನ್ನು ಜಾರಿಸಿದಾಗ ಮಗು ಬೆಚ್ಚಿ ತಿರುಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. "ಪಾತ್ರೆ ಅಂಗಡಿಯ ಮಗುವಿಗೆ ಕಿವಿ ಕೇಳುವುದಿಲ್ಲವೆಂದರೆ ಯಾರು ನಂಬುತ್ತಾರೆ? ಅವನಿಗೆ ಗಮನವಿಲ್ಲ, ಅಷ್ಟೆ" ಎಂದರು. ಆ ಸಾಕ್ಷ್ಯದ ಮುಂದೆ ಬೇರೆಯವರು ಸುಮ್ಮನಾದರು.

ಸೆಪ್ಟೆಂಬರಿನಲ್ಲಿ ದಶಲಕ್ಷಣ ಪರ್ವ ಬಂದಿತು. ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ವಾಚನ. ಆರನೆಯ ದಿನದ ಆರನೆಯ ಅಧ್ಯಾಯವನ್ನು ಆ ವರ್ಷ ಓದಿ ವಿವರಿಸಿದವರು ಇದೇ ಯಜಮಾನರು. ಕೊನೆಯ ದಿನ ಪಾಠಶಾಲೆಯ ಮಕ್ಕಳ ಕಾರ್ಯಕ್ರಮ. ಸೊಸೆ ಬೇಡವೆಂದರೂ ಕೇಳದೆ ಮೊಮ್ಮಗನಿಗೆ ಬಿಳಿಯ ಪಂಚೆ ಉಡಿಸಿ ಪಂಚನಮಸ್ಕಾರ ಮಂತ್ರ ಹೇಳಲು ವೇದಿಕೆಗೆ ಏರಿಸಿದರು. ಮಗು ಬಹಳ ಹೊತ್ತು ಮೌನವಾಗಿ ನಿಂತಿತು. ಕೆಳಗಿನಿಂದ ಹೇಳಿಕೊಟ್ಟರೂ ಅದು ಹೇಳಿಕೊಡುವವರ ಬಾಯಿಯನ್ನೇ ನೋಡುತ್ತಿತ್ತು. ಕೊನೆಗೆ ಸ್ವರಗಳು ಮಾತ್ರ ಉಳಿದು ವ್ಯಂಜನಗಳೆಲ್ಲ ಕರಗಿಹೋದ ಏನನ್ನೋ ನುಡಿಯಿತು. ಸಭೆಯಲ್ಲಿ ನಗೆಯಾಡಿತು. ಅದು ದುಷ್ಟ ನಗೆಯಲ್ಲ, ಎಳೆಯ ಮಕ್ಕಳನ್ನು ಕಂಡು ಎಲ್ಲರೂ ನಗುವಂತಹದೇ. ಆದರೂ ಅದು ಟ್ರಸ್ಟಿಗಳ ಕಿವಿಗೆ ಬೇರೆ ರೀತಿಯಲ್ಲಿ ಕೇಳಿಸಿತು. ಅವರು ಮಗುವನ್ನು ಎತ್ತಿಕೊಂಡು ನೇರವಾಗಿ ಮನೆಗೆ ನಡೆದರು.

ಆ ರಾತ್ರಿ ಸೊಸೆ, "ಮಾವ, ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸೋಣ" ಎಂದು ಬೇಡಿಕೊಂಡಾಗ ಅವರು ಕೊಟ್ಟ ಉತ್ತರ ಎರಡು ಭಾಗದ್ದಾಗಿತ್ತು. "ಜ್ಞಾನಾವರಣೀಯದ ಉದಯವಿದ್ದರೆ ವೈದ್ಯರೇನು ಮಾಡುತ್ತಾರೆ?" ಎಂಬುದು ಒಂದು. "ಊರಿನಲ್ಲಿ ನಾಲ್ಕು ಜನರಿಗೆ ತಿಳಿದರೆ ನಾಳೆ ನಮ್ಮ ಮನೆಗೆ ಸಂಬಂಧ ಬೆಳೆಸುವವರು ಯಾರು? ಮಗಳ ಮದುವೆ ಇನ್ನೂ ಆಗಬೇಕಲ್ಲ" ಎಂಬುದು ಇನ್ನೊಂದು. ಮೊದಲನೆಯದು ಶಾಸ್ತ್ರದ ಮಾತಿನಂತೆ ಕಂಡಿತು. ಎರಡನೆಯದೇ ನಿಜವಾದ ಕಾರಣವಾಗಿತ್ತು. ಮರುದಿನ ಕ್ಷಮಾವಣಿ. ಯಜಮಾನರು ಪದ್ಧತಿಯಂತೆ ಬಸದಿಯಲ್ಲಿ ಎಲ್ಲರ ಕೈಹಿಡಿದು ಕ್ಷಮೆ ಕೇಳಿದರು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ.

ಹೀಗೆ ಮೂರು ತಿಂಗಳು ಕಳೆದವು. ಡಿಸೆಂಬರಿನ ಒಂದು ಮಧ್ಯಾಹ್ನ ಮಗು ಅಂಗಡಿಯ ಮೂಲೆಯಲ್ಲಿ ಡಬ್ಬಿಗಳಿಗೆ ಸರಿಹೊಂದುವ ಮುಚ್ಚಳಗಳನ್ನು ಆರಿಸಿ ಮುಚ್ಚುತ್ತಿತ್ತು. ಹದಿನೈದಿಪ್ಪತ್ತು ಅಳತೆಯ ಮುಚ್ಚಳಗಳಲ್ಲಿ ಅದು ಒಂದನ್ನೂ ತಪ್ಪಲಿಲ್ಲ. ಹೊಸ ಆಳಿಗೂ ಅಷ್ಟು ಬೇಗ ಬರುವ ಕೆಲಸವಲ್ಲ ಅದು. ಯಜಮಾನರು ಹಿಂದಿನಿಂದ ಮೆಲ್ಲಗೆ ಹೆಸರು ಹಿಡಿದು ಕರೆದರು. ತಿರುಗಲಿಲ್ಲ. ಇನ್ನೊಮ್ಮೆ ಕರೆದರು. ಇಲ್ಲ. ಅವರ ನೆರಳು ಮುಂದೆ ಬಿದ್ದಾಗ ಮಗು ತಲೆ ಎತ್ತಿ ನಕ್ಕು, ತನ್ನ ಪುಟ್ಟ ಅಂಗೈಯಿಂದ ತಾತನ ಗಲ್ಲವನ್ನು ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಿತು. ಹಾಗೆ ಗಲ್ಲ ಹಿಡಿಯುವುದು ಅದರ ಹಳೆಯ ಅಭ್ಯಾಸ. ಮನೆಯವರೆಲ್ಲ ಅದನ್ನು ಮುದ್ದೆಂದೇ ಭಾವಿಸಿದ್ದರು. ಅಂದು ಮೊದಲ ಬಾರಿಗೆ ಯಜಮಾನರಿಗೆ ಮಗು ತಮ್ಮ ತುಟಿಗಳನ್ನು ಓದಲು ಹೀಗೆ ಮಾಡುತ್ತಿದೆಯೆಂಬುದು ಹೊಳೆಯಿತು.

ಆಗಲೇ ಅವರಿಗೆ ತಾವೇ ವಿವರಿಸಿದ್ದ ಆರನೆಯ ಅಧ್ಯಾಯ ನೆನಪಾಯಿತು. ಜ್ಞಾನಾವರಣ ಮತ್ತು ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಉಮಾಸ್ವಾಮಿ ಆಚಾರ್ಯರು ಆರು ಕಾರಣಗಳನ್ನು ಹೇಳಿದ್ದಾರೆ: ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ. ಜ್ಞಾನದ ವಿಷಯವನ್ನು ಮರೆಮಾಚುವುದು ನಿಹ್ನವ. ಇನ್ನೊಬ್ಬರ ಜ್ಞಾನಪ್ರಾಪ್ತಿಗೆ ಅಡ್ಡಿಯಾಗುವುದು ಅಂತರಾಯ. ಊರಿಗೆ ತಿಳಿಯಬಾರದೆಂದು ಮುಚ್ಚಿಟ್ಟವರು ಯಾರು? ಮಗುವಿನ ಕಲಿಕೆಯ ದಾರಿಯಲ್ಲಿ ಮೂರು ತಿಂಗಳು ಅಡ್ಡ ನಿಂತವರು ಯಾರು? ಆವರಣವನ್ನು ಕಟ್ಟಿಕೊಳ್ಳುತ್ತಿದ್ದವರು ತಾವೇ ಆಗಿದ್ದು, ಅದನ್ನು ಮೂರು-ನಾಲ್ಕು ವರ್ಷದ ಕೂಸಿನ ತಲೆಗೆ ಕಟ್ಟಿದ್ದರು. ಕರ್ಮಸಿದ್ಧಾಂತವು ತನ್ನ ಕೃತ್ಯಕ್ಕೆ ತಾನು ಹೊಣೆಯಾಗಲು ಹೇಳಿಕೊಟ್ಟದ್ದು; ಇನ್ನೊಬ್ಬರ ಕಷ್ಟದಿಂದ ಕೈತೊಳೆದುಕೊಳ್ಳಲು ಅದನ್ನು ಬಳಸಿದರೆ ಸಿದ್ಧಾಂತಕ್ಕೇ ಅಪಚಾರ.

ಅವರು ಅಂಗಡಿಯನ್ನು ಮಗನಿಗೆ ಒಪ್ಪಿಸಿ, ಸೊಸೆ ಮತ್ತು ಮೊಮ್ಮಗನೊಡನೆ ತಾವೇ ಮೈಸೂರಿಗೆ ಹೊರಟರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಲ್ಲಿ ಸ್ಥಾಪಿತವಾದದ್ದು. ಮಾತು ಮತ್ತು ಶ್ರವಣದ ತೊಂದರೆಯುಳ್ಳವರು ದೇಶದ ನಾನಾ ಭಾಗಗಳಿಂದ ಅಲ್ಲಿಗೆ ಬರುತ್ತಾರೆ. ಮಗುವಿಗೆ ಸೂಜಿಯಿಲ್ಲ, ನೋವಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಒಂದು ಮಣೆಯ ತುಂಡನ್ನು ಬುಟ್ಟಿಗೆ ಹಾಕುವ ಆಟವಾಡಿಸಿದರು. ಕಿವಿಯೊಳಗೆ ಗಾಳಿಯ ಒತ್ತಡವನ್ನು ತುಸು ಬದಲಿಸಿ ಕಿವಿತಮಟೆ ಎಷ್ಟು ಅಲುಗುತ್ತದೆಂದು ಯಂತ್ರದಿಂದ ಅಳೆದರು. ಎರಡು ಕಿವಿಗಳಲ್ಲಿಯೂ ತಮಟೆ ಅಲುಗುತ್ತಿರಲಿಲ್ಲ; ಅದರ ಹಿಂದೆ ಅಂಟುದ್ರವ ತುಂಬಿಕೊಂಡಿತ್ತು.

ಈ ತೊಂದರೆ ಎಳೆಯ ಮಕ್ಕಳಲ್ಲಿ ಬಹು ಸಾಮಾನ್ಯ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ನಾಳವು ಮಕ್ಕಳಲ್ಲಿ ಗಿಡ್ಡವಾಗಿಯೂ ಹೆಚ್ಚು ಅಡ್ಡಲಾಗಿಯೂ ಇರುತ್ತದೆ. ಪದೇ ಪದೇ ನೆಗಡಿಯಾದರೆ ಅದು ಕಟ್ಟಿಕೊಂಡು ದ್ರವ ನಿಲ್ಲುತ್ತದೆ. ಅನೇಕ ವೇಳೆ ನೋವಿಲ್ಲ, ಸೋರುವುದಿಲ್ಲ. ಆದುದರಿಂದ ಯಾರಿಗೂ ತಿಳಿಯುವುದಿಲ್ಲ. ಶ್ರವಣದಲ್ಲಿ ಸಾಮಾನ್ಯವಾಗಿ 20ರಿಂದ 30 ಡೆಸಿಬಲ್ ಕೊರತೆಯಾಗುತ್ತದೆ, ಅದೂ ದಿನದಿಂದ ದಿನಕ್ಕೆ ಏರಿಳಿಯುತ್ತದೆ. ಇಂತಹ ಮಗುವಿಗೆ ಕೊಳಗ ಬಿದ್ದ ಸದ್ದು ಚೆನ್ನಾಗಿಯೇ ಕೇಳುತ್ತದೆ. ಹಿಂದಿನಿಂದ ಆಡಿದ ಮೆಲುಮಾತು, ಗದ್ದಲದ ತರಗತಿಯಲ್ಲಿ ದೂರದಿಂದ ಹೇಳಿದ ಪದ್ಯ, ಮಾತಿನೊಳಗಿನ ಸಕಾರ-ತಕಾರದಂತಹ ಕ್ಷೀಣ ವ್ಯಂಜನಗಳು ತಪ್ಪಿಹೋಗುತ್ತವೆ. ಕೇಳದ ಅಕ್ಷರವನ್ನು ಮಗು ನುಡಿಯುವುದಾದರೂ ಹೇಗೆ? ಪಾತ್ರೆಯ ಸದ್ದಿನ ಸಾಕ್ಷ್ಯವು ಸುಳ್ಳಾಗಿರಲಿಲ್ಲ. ಅದು ಸಾಕ್ಷಿ ಹೇಳಿದ್ದು ಬೇರೊಂದು ಪ್ರಶ್ನೆಗೆ.

ಈ ದ್ರವ ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನೇ ಇಳಿದುಹೋಗುವುದರಿಂದ ಮೊದಲು ಕಾದು ಮತ್ತೆ ಪರೀಕ್ಷಿಸುವುದು ಪದ್ಧತಿ. ಅಲ್ಲಿಯವರೆಗೆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಹೆಸರು ಕರೆದು ಅದರ ನೋಟ ಸೆಳೆದು ಎದುರಿನಿಂದ ನಿಧಾನವಾಗಿ ಮಾತನಾಡುವುದು, ಮನೆಯಲ್ಲಿ ಟಿ.ವಿ. ನಿಲ್ಲಿಸಿ ಕಥೆ ಹೇಳುವುದು, ಇಷ್ಟೇ ಚಿಕಿತ್ಸೆ. ಮಾರ್ಚಿನ ಮರುಪರೀಕ್ಷೆಯಲ್ಲಿ ಬಲಗಿವಿ ತಿಳಿಯಾಗಿತ್ತು, ಎಡಗಿವಿ ಆಗಿರಲಿಲ್ಲ. ಬೇಸಿಗೆ ರಜೆಯಲ್ಲಿ ಕಿವಿ-ಮೂಗು-ಗಂಟಲು ತಜ್ಞರು ದ್ರವವನ್ನು ತೆಗೆದು, ತಮಟೆಯಲ್ಲಿ ಪುಟ್ಟ ನಳಿಕೆಯೊಂದನ್ನು ಇರಿಸಿದರು. ಅದು ಕೆಲವು ತಿಂಗಳುಗಳಲ್ಲಿ ತಾನಾಗಿ ಕಳಚಿ ಬೀಳುವಂತಹದು. ಶಸ್ತ್ರಚಿಕಿತ್ಸೆಯ ಮರುದಿನ ಮಗು ಅಡಿಗೆಮನೆಯ ನಲ್ಲಿ ತೊಟ್ಟಿಕ್ಕುವುದನ್ನು ಕೇಳಿ, ಅದೇನು ಸದ್ದೆಂದು ಅಜ್ಜಿಯನ್ನು ಕೇಳಿತು. ಅಜ್ಜಿ ಸೆರಗಿನಿಂದ ಕಣ್ಣೊರಸಿಕೊಂಡರು.

ಇಲ್ಲಿಗೆ ಎಲ್ಲವೂ ಸರಿಹೋಯಿತೆಂದರೆ ಅರ್ಧಸತ್ಯವಾದೀತು. ಮಾತು ತಿಂಗಳಿಂದ ತಿಂಗಳಿಗೆ ತಿಳಿಯಾಯಿತು. ಸೀಸದ ಕಡ್ಡಿ ಮಾತ್ರ ಮುಷ್ಟಿಯಲ್ಲಿಯೇ ಉಳಿಯಿತು. ತರಗತಿಯಲ್ಲಿ ಅರ್ಧ ಗಂಟೆ ಕೂರುವುದು ಕಷ್ಟವೇ ಆಗಿತ್ತು. ಅದಕ್ಕೆ ಔಷಧವಿಲ್ಲ, ಏಕೆಂದರೆ ಅದು ರೋಗವಲ್ಲ. ಮಣಿಕಟ್ಟಿನ ಎಂಟು ಎಲುಬುಗಳು ಹುಟ್ಟುವಾಗ ಮೃದ್ವಸ್ಥಿಯಾಗಿದ್ದು, ಬಾಲ್ಯದುದ್ದಕ್ಕೂ ಒಂದೊಂದಾಗಿ ಗಟ್ಟಿಯಾಗುತ್ತವೆ. ಬೆರಳುಗಳ ಹಿಡಿತವೂ ಅಂತೆಯೇ ಕ್ರಮವಾಗಿ ಬರುವಂತಹದು. ಶಿಕ್ಷಕಿ ಹೇಳಿದ್ದರಲ್ಲಿಯೂ ಸತ್ಯವಿತ್ತು: ಮಗುವಿಗೆ ವಯಸ್ಸು ಸಾಲದಾಗಿತ್ತು. ತಾಯಿಯ ಆತಂಕದಲ್ಲಿಯೂ ಸತ್ಯವಿತ್ತು, ಅಜ್ಜಿಯ ತಾಳ್ಮೆಯಲ್ಲಿಯೂ ಇತ್ತು. ಯಾವ ಸತ್ಯ ಎಲ್ಲಿಯವರೆಗೆ ಎಂಬುದನ್ನು ಪರೀಕ್ಷೆ ಮಾತ್ರ ಬಿಡಿಸಿ ಹೇಳಬಲ್ಲುದಾಗಿತ್ತು.

ಪೂರ್ವಾಚಾರ್ಯರು ಈ ಕ್ರಮವನ್ನು ಅರಿಯದವರಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಗರ್ಭಾನ್ವಯದ 53 ಕ್ರಿಯೆಗಳನ್ನು ನಿರೂಪಿಸುವಾಗ ಶಿಶುವಿನ ಬೆಳವಣಿಗೆಯ ಮೆಟ್ಟಿಲುಗಳನ್ನೇ ಸಂಸ್ಕಾರಗಳನ್ನಾಗಿ ಮಾಡಿದೆ. ಮಗುವನ್ನು ಮನೆಯಿಂದ ಹೊರಗೆ ತರುವುದು ಬಹಿರ್ಯಾನ, ಆಸನದಲ್ಲಿ ಕೂರಿಸುವುದು ನಿಷದ್ಯಾ, ಏಳೆಂಟು ತಿಂಗಳಿಗೆ ಅನ್ನ ಉಣಿಸುವುದು ಪ್ರಾಶನ, ವರ್ಷ ತುಂಬಿದಾಗ ವ್ಯುಷ್ಟಿ, ಅನಂತರ ಕೇಶವಾಪ. ಮೊದಲ ಅಕ್ಷರದರ್ಶನವಾದ ಲಿಪಿಸಂಖ್ಯಾನ ಬರುವುದು ಐದನೆಯ ವರ್ಷದಲ್ಲಿ. ಕೂರಲು ಬಾರದ ಮಗುವಿಗೆ ನಿಷದ್ಯಾ ಇಲ್ಲ. ಅದರಂತೆಯೇ ಅಕ್ಷರಕ್ಕೂ ಒಂದು ಕಾಲವುಂಟು. ಆದಿದೇವನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕಗಳನ್ನೂ ಕಲಿಸಿದ ಸಂದರ್ಭವನ್ನು ಪಂಪನ ನಾಡಿನ ಓದುಗರು ಬಲ್ಲರು. ಆ ಜಗದ್ಗುರು ಮಕ್ಕಳನ್ನು ಹತ್ತಿರಕ್ಕೆ ಕರೆದು, ಮಡಿಲಿನಲ್ಲಿ ಕೂರಿಸಿಕೊಂಡು ಕಲಿಸಿದನು. ಮಡಿಲಿನಲ್ಲಿ ಕುಳಿತ ಮಗುವಿಗೆ ಗುರುವಿನ ದನಿ ತಪ್ಪುವುದುಂಟೆ?

2025ರ ಏಪ್ರಿಲಿನಲ್ಲಿ ಸರ್ಕಾರವು ಒಂದನೆಯ ತರಗತಿಯ ವಯೋಮಿತಿಯನ್ನು ಆ ಒಂದು ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಯಜಮಾನರು ಹಿಂದೆ ಕಾದಿದ್ದುದು ಇಂತಹ ಸುದ್ದಿಗೇ. ಅಂಗಡಿಯಲ್ಲಿ ಯಾರೋ ಅದನ್ನು ಹೇಳಿದಾಗ ಅವರು ನಕ್ಕು ಸುಮ್ಮನಾದರು. ಅಷ್ಟರಲ್ಲಿ ಮೊಮ್ಮಗನನ್ನು ಮತ್ತೊಮ್ಮೆ ಎಲ್.ಕೆ.ಜಿ.ಯಲ್ಲಿಯೇ ಕೂರಿಸುವ ನಿಶ್ಚಯ ಮಾಡಿದ್ದರು. ಮಗನಿಗೆ ಅದು ಹಿಡಿಸಲಿಲ್ಲ. "ಅಪ್ಪ, ಜೊತೆಯ ಮಕ್ಕಳು ಮುಂದೆ ಹೋದರೆ ಇವನು ಹಿಂದುಳಿದವನೆನಿಸುವುದಿಲ್ಲವೆ?" ಎಂದನು. ಯಜಮಾನರು ಅವನಿಗೆ ಲೆಕ್ಕದ ಭಾಷೆಯಲ್ಲಿಯೇ ಹೇಳಿದರು: ಬಾರದ ವರ್ಷವನ್ನು ಬಂದಿತೆಂದು ಕಿರ್ದಿಯಲ್ಲಿ ಬರೆದದ್ದು ತಮ್ಮ ತಪ್ಪು, ಈಗ ತಿದ್ದುತ್ತಿರುವುದು ಆ ತಪ್ಪು ನಮೂದನ್ನು, ಮಗುವಿಗೆ ನಷ್ಟವೇನೂ ಇಲ್ಲ. ಮಗನ ಅಸಮಾಧಾನ ಇಂದಿಗೂ ಪೂರ್ತಿ ಕಳೆದಿಲ್ಲ.

ಆ ವರ್ಷದ ದಶಲಕ್ಷಣದಲ್ಲಿ ಮಗುವನ್ನು ಯಾರೂ ವೇದಿಕೆಗೆ ಏರಿಸಲಿಲ್ಲ. ಕ್ಷಮಾವಣಿಯ ಬೆಳಿಗ್ಗೆ, ಬಸದಿಗೆ ಹೊರಡುವ ಮುನ್ನ, ಯಜಮಾನರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ಸೊಸೆಗೆ ಕೈಮುಗಿದು, "ಹೋದ ವರ್ಷ ಕೇಳಬೇಕಾಗಿತ್ತಮ್ಮ" ಎಂದರು. ಆಕೆ ಗಾಬರಿಯಿಂದ ಅವರ ಕಾಲಿಗೆರಗಿದಳು. ಪಕ್ಕದಲ್ಲಿದ್ದ ಮಗು ಏನೆಂದು ತಿಳಿಯದೆ ತಾನೂ ಎರಡು ಕೈ ಜೋಡಿಸಿತು.

ಈ ವೃತ್ತಾಂತದಿಂದ ಶ್ರಾವಕ ಬಂಧುಗಳು ಗಮನಿಸಬೇಕಾದ ಸಂಗತಿಗಳು ಸರಳವಾದವು. ಮಾತು ತಡವಾದ ಮಕ್ಕಳೆಲ್ಲರ ಕಿವಿಯಲ್ಲಿಯೂ ದ್ರವವಿರುವುದಿಲ್ಲ. ಕೆಲವರದು ಕೇವಲ ವಯಸ್ಸಿನ ಮಾತು, ಕೆಲವರದು ದೀರ್ಘಕಾಲ ನೆರವು ಬೇಕಾದ ಸ್ಥಿತಿ. ಆದರೆ ಎಲ್ಲಕ್ಕೂ ಮೊದಲ ಹೆಜ್ಜೆ ಒಂದೇ: ಕಿವಿ ಮತ್ತು ಕಣ್ಣುಗಳ ಪರೀಕ್ಷೆ. ಬಂದ ಮಾತು ಮರಳಿ ಹೋಗುತ್ತಿದ್ದರೆ, ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡದಿದ್ದರೆ, ಬೇಕಾದುದನ್ನು ಬೆರಳಿಟ್ಟು ತೋರಿಸದಿದ್ದರೆ ಒಂದು ದಿನವೂ ತಡಮಾಡಬಾರದು. ಪರೀಕ್ಷೆಯಾದ ಮೇಲೆ ಕಾಯಬೇಕೆಂದರೆ ಕಾಯುವುದು ತಾಳ್ಮೆ. ಪರೀಕ್ಷೆಯಿಲ್ಲದೆ ಕಾಯುವುದು ಪ್ರಮಾದ.

ಇನ್ನೊಂದು ವಿಚಿತ್ರವನ್ನು ಬಸದಿಗಳ ಟ್ರಸ್ಟುಗಳು ಯೋಚಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಯ ಮಕ್ಕಳನ್ನು ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸುವ ವ್ಯವಸ್ಥೆಯಿದೆ. ಹೆಚ್ಚು ಶುಲ್ಕ ತೆತ್ತು ಖಾಸಗಿ ಶಿಶುವಿಹಾರಕ್ಕೆ ಹೋಗುವ ಮಗು ಈ ವ್ಯವಸ್ಥೆಯ ಹೊರಗೆ ಉಳಿಯುತ್ತದೆ. ಪಾಠಶಾಲೆಯ ವಾರ್ಷಿಕೋತ್ಸವಕ್ಕೆ ಬಹುಮಾನದ ಲೋಟ-ತಟ್ಟೆಗಳನ್ನು ಕೊಳ್ಳುವ ಹಣದಲ್ಲಿ ಒಂದು ದಿನ ಮಕ್ಕಳ ಕಿವಿ-ಕಣ್ಣು ತಪಾಸಣೆ ಏರ್ಪಡಿಸಿದರೆ ಅದು ಜ್ಞಾನದಾನವೂ ಹೌದು, ಔಷಧದಾನವೂ ಹೌದು. ಹಾಸನದ ಆ ಯಜಮಾನರು ತಮ್ಮ ಟ್ರಸ್ಟಿನಲ್ಲಿ ಈ ಸಲಹೆಯನ್ನು ಮಂಡಿಸಿದಾಗ, ಏಕೆಂದು ಕೇಳಿದ ಸಹಸದಸ್ಯರಿಗೆ ತಮ್ಮ ಮನೆಯ ಸಂಗತಿಯನ್ನು ಏನನ್ನೂ ಮುಚ್ಚಿಡದೆ ಹೇಳಿದರು. ಸಭೆ ಮುಗಿದ ಮೇಲೆ ಇಬ್ಬರು ಹಿರಿಯರು ಅವರನ್ನು ಪಕ್ಕಕ್ಕೆ ಕರೆದು, ಮೈಸೂರಿನಲ್ಲಿ ಯಾರನ್ನು ಕಾಣಬೇಕೆಂದು ಮೆಲುದನಿಯಲ್ಲಿ ವಿಚಾರಿಸಿದರು.

ಮುಚ್ಚಿಟ್ಟ ಆವರಣಗಳು ಹೀಗೆ ಒಂದೊಂದಾಗಿ ಸರಿಯಲಿ. ಜ್ಞಾನವು ಜೀವನ ಸ್ವಭಾವ. ಅದು ಪ್ರಕಟವಾಗಲು ಹಿರಿಯರು ನಿಮಿತ್ತರಾಗಲಿ, ಅಂತರಾಯವಾಗದಿರಲಿ.